ಉಪಸಂಹಾರಕ್ಕೆ ಕೊಟ್ಟ ಸೊನ್ನೆ

ಸಾಮ್ರಾಜ್ಯಶಾಹಿಯನ್ನು ಬೈಯುವುದರಲ್ಲಿ ನಮ್ಮ ಕಡೆಯ ಕಾಲೇಜು ಮಕ್ಕಳನ್ನು ಮೀರಿಸುವವರಿಲ್ಲ. ಹೋದ ವರ್ಷ ಶ್ರೀರಂಗಪಟ್ಟಣದ ಒಂದು ಸಂಘದವರು ‘ಸಾಮ್ರಾಜ್ಯಶಾಹಿ ಮತ್ತು ನಾನು’ ಎಂಬ ಪ್ರಬಂಧ ಸ್ಪರ್ಧೆ ಇಟ್ಟು, ನಿವೃತ್ತ ಕನ್ನಡ ಮೇಷ್ಟ್ರಾದ ನನ್ನನ್ನು ತೀರ್ಪಿಗೆ ಕೂರಿಸಿದರು. ಸ್ವಂತ ಅನುಭವದಿಂದಲೇ ಬರೆಯಬೇಕು, ಓದಿದವರಿಗೆ ಮನವರಿಕೆಯಾಗಬೇಕು ಎಂಬುದು ಷರತ್ತು. ಮೊದಲ ಬಹುಮಾನದ ಪ್ರಬಂಧವನ್ನು ವೇದಿಕೆಯ ಮೇಲೆ ಓದಿಸುತ್ತೇವೆ ಎಂದೂ ಹೇಳಿದ್ದರು.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಕಟ್ಟುಗಟ್ಟಲೆ ಬಂದವು. ಬಿಳಿಯರೆಲ್ಲ ರಕ್ತಪಿಪಾಸುಗಳು, ನಮ್ಮವರೆಲ್ಲರ ಕೈಗೂ ಸಂಕೋಲೆ. ಕಿಕ್ಕೇರಿಯ ಒಬ್ಬ ಮಹಾಶಯನಂತೂ ತಾನೇ ಕೋಟೆ ಬಾಗಿಲಲ್ಲಿ ಕತ್ತಿ ಹಿಡಿದು ನಿಂತಿದ್ದವನ ಹಾಗೆ ಬರೆದಿದ್ದ. ಅವನ ವಯಸ್ಸು ಹತ್ತೊಂಬತ್ತು. ಓದಿ ಓದಿ ತಲೆ ಚಿಟ್ಟು ಹಿಡಿಯಿತು. ಪೀಠಿಕೆ, ವಿವರಣೆ, ಉಪಸಂಹಾರ ಮಾತ್ರ ಎಲ್ಲದರಲ್ಲೂ ಅಚ್ಚುಕಟ್ಟು. ಕಲಿಸಿದವರು ನನ್ನಂಥವರೇ ತಾನೆ!

ಒಂದೇ ಒಂದು ಬೇರೆ ಥರ ಇತ್ತು, ಅರಕೆರೆಯ ಹುಡುಗಿಯದು. ಅವಳ ಅಪ್ಪ ಕೋಟೆ ನೋಡಲು ಬರುವವರಿಗೆ ಗೈಡು. ನಮ್ಮವರು ಬಂದರೆ ‘ಇಲ್ಲೇ ನಮ್ಮೋರ್ನ ಮೋಸದಿಂದ ಕೊಂದಿದ್ದು’ ಅನ್ನುತ್ತಾನಂತೆ. ಅದೇ ಗೋಡೆಯ ಮುಂದೆ ಬಿಳಿಯರು ನಿಂತರೆ, ಅವರ ಸಿಪಾಯಿಗಳು ಎಂಥ ಧೈರ್ಯದಿಂದ ಹತ್ತಿ ಬಂದರು ಎಂದು ಬಣ್ಣಿಸುತ್ತಾನಂತೆ. ಯಾಕಪ್ಪ ಎಂದು ಕೇಳಿದ್ದಕ್ಕೆ, ‘ಅವ್ರು ದೊಡ್ಡೋರು ಕಣವ್ವ, ಅವ್ರ ಮನ್ಸಿಗೆ ಬೇಜಾರಾಗ್ದಂಗೆ ಏಳ್ಬೇಕು’ ಅಂದನಂತೆ. ಪ್ರಬಂಧ ಅಲ್ಲಿಗೇ ನಿಂತಿತ್ತು. ಸಾಮ್ರಾಜ್ಯಶಾಹಿ ಎಂಬ ಪದ ಒಂದು ಸಲವೂ ಇರಲಿಲ್ಲ, ಆದರೆ ನನಗೆ ಮೈ ಜುಮ್ಮೆಂದಿತು.

ಜೊತೆಯ ತೀರ್ಪುಗಾರರು ಇತಿಹಾಸದ ಉಪನ್ಯಾಸಕರು. ‘ಇದೇನ್ ಸಾರ್, ವಾದ ಇಲ್ಲ, ಇಸವಿ ಇಲ್ಲ, ಬರೀ ಮನೆ ಪುರಾಣ’ ಎಂದು ಮೂಗು ಮುರಿದರು. ನಾನಾದರೂ ಜಗಳಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂಕಪಟ್ಟಿಯಲ್ಲಿ ಉಪಸಂಹಾರಕ್ಕೆಂದೇ ಒಂದು ಕಾಲಮ್ಮಿತ್ತು. ಮೂವತ್ತು ವರ್ಷದ ಅಭ್ಯಾಸ, ಅಲ್ಲಿ ಸೊನ್ನೆ ಸುತ್ತಿದೆ. ಮೊದಲ ಬಹುಮಾನ ಕತ್ತಿ ಹಿಡಿದವನಿಗೆ ಹೋಯಿತು.

ಬಹುಮಾನದ ದಿನ ಅವನು ಮೈಕಿನ ಮುಂದೆ ಗುಡುಗಿದ, ಜನ ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ ಆ ಹುಡುಗಿ ನನ್ನ ಹತ್ತಿರ ಬಂದಳು, ಜೊತೆಗೆ ಅವಳ ಅಪ್ಪ. ತಾನು ಬರೆದದ್ದನ್ನು ಅಪ್ಪನ ಎದುರು ಓದಬೇಕೆಂಬ ಆಸೆಯಿಂದ ಅವನನ್ನು ಆ ದಿನ ಕೆಲಸ ಬಿಡಿಸಿ ಕರೆತಂದಿದ್ದಳಂತೆ.

‘ನಂದ್ರಲ್ಲಿ ಏನ್ ಕಮ್ಮಿ ಆಯ್ತು ಸಾರ್?’

ನಾನು ‘ಉಪಸಂಹಾರ ಇರ್ಲಿಲ್ಲಮ್ಮ’ ಅಂದೆ. ನನ್ನ ಮಾತು ನನಗೇ ಹೇಸಿಗೆಯೆನಿಸಿತು.

ಅವಳು ಬಾಯಿ ತೆರೆಯುವ ಮೊದಲೇ ಅವಳ ಅಪ್ಪ ಕೈ ಮುಗಿದು ನಕ್ಕ. ‘ಸಾರ್ ಏಳಿದ್ ಮ್ಯಾಲೆ ಮುಗೀತು, ಸುಮ್ಕಿರವ್ವ. ನೀವ್ ಮಾಡಿದ್ದೇ ಸರಿ ಬುಡಿ ಸಾರ್. ಆ ಉಡುಗ ಬರ್ದಿರೋದು ಭಾಳ ಚೆನ್ನಾಗದೆ.’

ಹುಡುಗಿ ಅಪ್ಪನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ ಹೇಳಿದಳು: ‘ನಾನ್ ಬರ್ದಿದ್ದೂ ಇದ್ನೇ ಸಾರ್.’