ಅಪ್ಪ ಅಕ್ಕನನ್ನು ಹೊಗಳದ ದಿನ

ನಾನು ಚಿಕ್ಕವಳಿದ್ದಾಗ ಯಲಹಂಕದ ಹೊರಗೆ ನಮ್ಮದೊಂದು ದ್ರಾಕ್ಷಿ ತೋಟವಿತ್ತು. ಕಲ್ಲುಕಂಬಗಳ ಮೇಲೆ ಹಬ್ಬಿದ ಚಪ್ಪರ, ಅದರ ಕೆಳಗೆ ನಡುಹಗಲಲ್ಲೂ ತಣ್ಣನೆಯ ನೆರಳು, ಒದ್ದೆ ಮಣ್ಣಿನ ವಾಸನೆ. ಆದರೆ ತೋಟದ ಆ ತುದಿಯ ಸಾಲುಗಳಿಗೆ ಬಾವಿಯ ನೀರು ಹೋಗುತ್ತಲೇ ಇರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಅಕ್ಕ ಗಾಜಿನ ಸೀಸೆಗೆ ಮುಕ್ಕಾಲು ನೀರು ತುಂಬಿ, ಅಡ್ಡ ಮಲಗಿಸಿ, ನೆಲದ ಏರುತಗ್ಗು ನೋಡುತ್ತಾ ಹೊಸ ಕಾಲುವೆಯ ದಾರಿಗೆ ಗುರುತು ಹಾಕಿದಳು. ಅಪ್ಪ ಅಲ್ಲೇ ಅಗೆದರು. ನೀರು ಕೊನೆಯ ಬಳ್ಳಿಯ ಬುಡದಲ್ಲಿ ಹೋಗಿ ನಿಂತಾಗ ನಾನು ಕೆಸರಿನಲ್ಲೇ ಕುಣಿದು ಅಮ್ಮನ ಕೈಲಿ ಬೈಸಿಕೊಂಡೆ.

ಅಪ್ಪನಿಗೆ ಅಕ್ಕನೆಂದರೆ ಬೆಟ್ಟದಷ್ಟು ಹೆಮ್ಮೆ. ಆದರೆ ಅದನ್ನು ಹೇಳಿಕೊಳ್ಳುತ್ತಿದ್ದುದು ಎತ್ತುಗಳ ಹತ್ತಿರ ಮಾತ್ರ. ಅವುಗಳ ಮೈ ಉಜ್ಜುತ್ತಾ, "ನೋಡಿದ್ಯೇನೋ, ನಮ್ಮುಡ್ಗಿ ತಲೆ ಎಂಗೈತೆ!" ಎನ್ನುತ್ತಿದ್ದರು. ಹೆತ್ತವರೇ ಮಕ್ಕಳನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಯಾರಾದರೂ ಮಗಳ ಮಾತೆತ್ತಿದರೆ 'ಅಯ್ಯೋ, ಅಂಥಾದ್ದೇನಿಲ್ಲ' ಎನ್ನುವುದು ಅಪ್ಪನ ಮರ್ಯಾದೆ. 'ಇಲ್ಲ ಬಿಡಿ, ಜಾಣೆ' ಎಂದು ಮೇಲೆತ್ತುವುದು ಎದುರಿನವರ ಮರ್ಯಾದೆ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು.

ಕಾಲೇಜಿನಲ್ಲಿ ಅಕ್ಕನಿಗೆ ಲೆಕ್ಕ ಹೇಳಿಕೊಡುತ್ತಿದ್ದ ಟೀಚರಮ್ಮ ಒಂದು ದಿನ ಮನೆಗೇ ಬಂದು, "ಇವಳು ಎಂಜಿನಿಯರಿಂಗ್ ಓದ್ಲಿ, ಹೆಣ್ಣುಮಕ್ಕಳು ಯಾಕೆ ಓದಬಾರ್ದು?" ಎಂದರು. ಅಮ್ಮ ಹೌಹಾರಿದರು. ಅಪ್ಪ ಮಾತ್ರ ಒಂದು ನಿಮಿಷವೂ ಯೋಚಿಸದೆ, "ಓದ್ಲಿ" ಎಂದುಬಿಟ್ಟರು. ಇದನ್ನು ನೀವು ಮರೆಯಬಾರದು. ನಮ್ಮಪ್ಪ ಬೇಡ ಅಂದವರಲ್ಲ.

ಎಂಜಿನಿಯರಿಂಗ್ ಕಾಲೇಜಿನ ಸೀಟಿಗಾಗಿ ಅಕ್ಕನಿಗೆ ಸಂದರ್ಶನವಿದ್ದ ದಿನ ಹಟ ಮಾಡಿ ನಾನೂ ಹೊರಟೆ. ಅಕ್ಕ ಗಂಜಿ ಹಾಕಿದ ನೀಲಿ ಸೀರೆ ಉಟ್ಟಿದ್ದಳು. ಬಸ್ಸಿನ ಕಿಟಕಿಯಿಂದ ಹೆಬ್ಬಾಳ ಕೆರೆಯ ತಂಪು ಗಾಳಿ ಬರುತ್ತಿದ್ದರೂ ಅವಳ ಹಣೆಯಲ್ಲಿ ಬೆವರು. ತುಟಿಯೊಳಗೇ ಸೂತ್ರಗಳನ್ನು ಒಪ್ಪಿಸಿಕೊಳ್ಳುತ್ತಿದ್ದಳು. ಕಾಲೇಜಿನ ಜಗಲಿಯ ತುಂಬ ಹುಡುಗರೇ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಜವಾನ ಹೆಸರು ಕೂಗಿ, ಹುಡುಗಿಯಾದ್ದರಿಂದ ಅಪ್ಪನೂ ಬರಲಿ ಎಂದ. ನನ್ನೊಬ್ಬಳನ್ನೇ ಹೊರಗೆ ಬಿಡಲಾಗದೆ ಅಪ್ಪ ನನ್ನನ್ನೂ ಒಳಗೆ ಕರೆದುಕೊಂಡರು.

ಕೋಟು ತೊಟ್ಟ ದೊಡ್ಡ ಮನುಷ್ಯರೊಬ್ಬರು ಅಕ್ಕನ ಅಂಕಗಳನ್ನು ನೋಡಿ ಹುಬ್ಬೇರಿಸಿದರು. "ಏನ್ರೀ ಯಜಮಾನ್ರೇ, ಮಗಳು ತುಂಬಾ ಬುದ್ಧಿವಂತೆ ಅಲ್ವಾ?"

ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದರು. "ಅಯ್ಯೋ, ಅಂತಾದ್ದೇನಿಲ್ಲ ಸ್ವಾಮಿ. ಏನೋ ಇಂಗೆ ಒಂದಷ್ಟು ಓದವ್ಳೆ. ಮದ್ವೆ ಆಗೋ ಗಂಟ ಓದ್ಕೊಳ್ಳಿ ಅಂತ."

ಮೇಲೆತ್ತುವ ಮಾತಿಗಾಗಿ ಅಪ್ಪ ಮುಗುಳ್ನಗುತ್ತಾ ಕಾದರು. ಆದರೆ ಆ ಕೋಟಿನವರು ಪಟ್ಟಣದವರು. ಕೇಳಿದ್ದನ್ನು ಹಾಗೇ ನಂಬಿದರು.

"ಮದುವೆ ತನಕ ಓದೋಕೆ ಬೇರೆ ಕಾಲೇಜುಗಳಿವೆಯಲ್ರೀ. ನೀನೇನಮ್ಮ ಹೇಳ್ತೀಯ?"

ಅಕ್ಕ ಅಪ್ಪನ ಮುಖ ನೋಡಿದಳು. ಹೊರಗಿನವರ ಮುಂದೆ ಅಪ್ಪನ ಮಾತು ಸುಳ್ಳು ಮಾಡುವುದು ಹೇಗೆ? ತಲೆ ತಗ್ಗಿಸಿ, "ಅಪ್ಪ ಹೇಳಿದ ಹಾಗೇ ಸಾರ್" ಎಂದಳು.

ಹೊರಗೆ ಬಂದ ಅಪ್ಪನಿಗೆ ಖುಷಿಯೋ ಖುಷಿ. "ಒಳ್ಳೇ ಮನ್ಸ, ಎಷ್ಟು ಚೆಂದಾಗಿ ಮಾತಾಡುಸ್ದ!" ಎಂದು ನಮಗೆ ಕಡಲೆಕಾಯಿ ಕೊಡಿಸಿದರು. ಅಕ್ಕ ಒಂದನ್ನೂ ಸುಲಿಯಲಿಲ್ಲ. ಬಸ್ಸು ಹೆಬ್ಬಾಳ ದಾಟಿದ ಮೇಲೆ ಮೆಲ್ಲಗೆ, "ಅಪ್ಪಾ, ಸೀಟು ಹೋಯ್ತು" ಎಂದಳು. ಅಪ್ಪನಿಗೆ ಅರ್ಥವೇ ಆಗಲಿಲ್ಲ.

ಆಯ್ಕೆಯಾದವರಲ್ಲಿ ಅಕ್ಕನ ಹೆಸರಿಲ್ಲ ಎಂದು ತಿಳಿದಾಗ ಅರ್ಥವಾಯಿತು. ಮರುದಿನವೇ ಒಗೆದ ಪಂಚೆ ಉಟ್ಟು ಒಬ್ಬರೇ ಆ ಕಾಲೇಜಿಗೆ ಹೋದರು. ಒಳಗೆ ಬಿಡದ ಜವಾನನ ಮುಂದೆಯೇ, "ನನ್ ಮಗ್ಳು ಬಾಳ ಬುದ್ವಂತೆ ಕಣಪ್ಪಾ, ಅವತ್ತು ಏಳ್ನಿಲ್ಲ ಅಷ್ಟೇ" ಎಂದರಂತೆ. ಸೀಟುಗಳೆಲ್ಲ ತುಂಬಿದ್ದವು.

ಅಕ್ಕ ಮುಂದೆ ಬಿ.ಎಸ್ಸಿ. ಮಾಡಿ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದಳು. ಒಳ್ಳೆಯ ಟೀಚರೇ ಆದಳು. ಆದರೂ ಕಟ್ಟುತ್ತಿರುವ ಸೇತುವೆಯೋ ನೀರಿನ ಟ್ಯಾಂಕೋ ಕಂಡರೆ ಅವಳ ಕಾಲು ಅಲ್ಲೇ ನಿಲ್ಲುತ್ತಿತ್ತು. ಆಗೆಲ್ಲ ಅಪ್ಪ ಬೇರೆ ಕಡೆ ನೋಡುತ್ತಿದ್ದರು. ಬೇಡ ಎಂದವರು ಯಾರೂ ಇಲ್ಲದೆಯೇ ಅಕ್ಕನ ಎಂಜಿನಿಯರಿಂಗ್ ಓದು ತಪ್ಪಿಹೋಯಿತಲ್ಲ!

ಈಗ ನಮ್ಮ ತೋಟವಿದ್ದ ಕಡೆ ಅಪಾರ್ಟ್‌ಮೆಂಟುಗಳಿವೆ. ಈಗಿನ ಕ್ಲಾಸುಗಳಲ್ಲಿ ಹುಡುಗಿಯರು ಮುಂದಿನ ಬೆಂಚಿನಲ್ಲೇ ಕೂರುತ್ತಾರೆ. ಮೊನ್ನೆ ಮನೆಗೆ ಬಂದ ನೆಂಟರ ಮುಂದೆ ನನ್ನ ಮೊಮ್ಮಗಳು, "ಮ್ಯಾಥ್ಸಲ್ಲಿ ನಾನೇ ಫಸ್ಟು, ಎಂಜಿನಿಯರ್ ಆಗಿ ಸೇತುವೆ ಕಟ್ತೀನಿ" ಎಂದು ಜಂಬ ಕೊಚ್ಚಿಕೊಂಡಳು. ಅವಳಮ್ಮ ಸುಮ್ಮನಿರು ಅಂತ ಕಣ್ಣು ಬಿಟ್ಟಳು.

ನಾನು ಅವಳನ್ನು ಹತ್ತಿರ ಎಳೆದುಕೊಂಡು, "ಇನ್ನೊಂದ್ಸಲ ಹೇಳೇ, ಜೋರಾಗಿ" ಎಂದೆ.