ಹಂಪಿಯ ಬಂಡೆಯ ಮೇಲಿನ ಅದಿರುಕಲ್ಲು

ಇಂಥ ಸಂಗತಿಗಳನ್ನು ಹೇಳಲು ಬಂದವರನ್ನು ನಾನು ಅರ್ಧಕ್ಕೇ ತಡೆದು ಕಳಿಸುತ್ತಿದ್ದೆ. ದೋಣಿಮಲೈ ಕಬ್ಬಿಣದ ಗಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಕೆಲಸ ಮಾಡಿದವನು ನಾನು. ಕೆಲಸಕ್ಕೆ ಬಂದವನು ಬಂದ, ಬಾರದವನು ಬಾರಲಿಲ್ಲ, ನಡುವೆ ಮೂರನೆಯದಿಲ್ಲ. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ನಿವೃತ್ತನಾಗಿದ್ದೆ, ಕ್ವಾರ್ಟರ್ಸ್ ಬಿಡಬೇಕಿತ್ತು. ಮರಿಯಮ್ಮನಹಳ್ಳಿಯಲ್ಲಿ ಕೊಂಡಿದ್ದ ಸೈಟು ಕೋರ್ಟಿನಲ್ಲಿ ಸಿಕ್ಕಿಬಿದ್ದಿತ್ತು. ಬದುಕೆಲ್ಲ ಕಂಪನಿಯ ಗೋಡೆಗಳೊಳಗೇ ಕಳೆದ ನನ್ನ ಹೆಂಡತಿ ಸುಶೀಲೆಗೆ ಸ್ವಂತ ಮನೆಯೊಂದೇ ಆಸೆ. ಹಂಪಿಯ ಬಂಡೆಗಳ ಮೇಲೆ ಕಲ್ಲಿಗೆ ಕಲ್ಲು ಪೇರಿಸಿ ಮನೆ ಬೇಡಿಕೊಳ್ಳುವ ರೂಢಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವಳೂ ನೆರೆಯ ಹೆಂಗಸರ ಜೊತೆ ಗುಡ್ಡ ಹತ್ತಿ ಪೇರಿಸಿ ಬಂದಿದ್ದಳು. ತುದಿಗೆ ಇಟ್ಟದ್ದು ನಮ್ಮ ಹಿತ್ತಲಿನಿಂದ ಒಯ್ದ ಅದಿರುಕಲ್ಲು. ಕೆಂಪು ಬಣ್ಣ, ಗಾತ್ರಕ್ಕೆ ಮೀರಿದ ಭಾರ. ಹಂಪಿಯಲ್ಲಿ ಅಂಥ ಕಲ್ಲು ಸಿಗುವುದಿಲ್ಲ. ಪೇರಿಸಿದವರ ಹೊರತು ಬೇರೆಯವರು ಅದಕ್ಕೆ ಕೈ ಹಚ್ಚಬಾರದೆಂದು ಅವಳ ನಂಬಿಕೆ.

ಮುಂದಿನ ತಿಂಗಳು ಹುಬ್ಬಳ್ಳಿಯಿಂದ ನನ್ನ ತಂಗಿಯ ಮಗಳು ಪೂಜಾ ಬಂದಳು. ಯಾರು ಯಾರೋ ಫೋನಿನಲ್ಲಿ ಹಾಕಿದ್ದ ಹಂಪಿಯ ಫೋಟೊಗಳನ್ನು ಕೂಡಿಟ್ಟುಕೊಂಡಿದ್ದಳು. ಯಾವ ಬಂಡೆಗೆ ಯಾವ ಹೊತ್ತಿನ ಬಿಸಿಲು, ಯಾವ ಮಂಟಪಕ್ಕೆ ಯಾವ ಬಣ್ಣದ ಬಟ್ಟೆ, ಎಲ್ಲ ಮೊದಲೇ ತೀರ್ಮಾನವಾಗಿತ್ತು. ಯೋಜನೆ ಅಚ್ಚುಕಟ್ಟಾಗಿತ್ತು, ಒಪ್ಪುತ್ತೇನೆ. ಅಷ್ಟು ಅಚ್ಚುಕಟ್ಟುತನ ಇಂಥದ್ದಕ್ಕೆ ಖರ್ಚಾಯಿತಲ್ಲ ಎಂದೇ ನನಗೆ ಹೆಚ್ಚು ಸಿಟ್ಟು.

ಮೂವರೂ ಹಂಪಿಗೆ ಹೋದೆವು. ಅಲ್ಲಿ ಕಂಡದ್ದು ಹೇಸಿಗೆ. ಕೆತ್ತಿದ ಕಂಬಗಳ ಮರೆಯಲ್ಲಿ ಬಟ್ಟೆ ಬದಲಿಸುವವರು, ಮುಖದ ಬಣ್ಣ ಒರೆಸಿದ ಕಾಗದವನ್ನು ಅಲ್ಲೇ ಎಸೆಯುವವರು. ಕಲ್ಲಿನ ಯಾಳಿಯ ಬಾಯಿಗೆ ಯಾರೋ ಜಗಿದ ಚೂಯಿಂಗ್ ಗಮ್ ಅಂಟಿಸಿದ್ದರು.

ಸುಶೀಲೆ ಮೊಳಕಾಲು ನೋವೆಂದು ಗುಡ್ಡದ ಬುಡದ ಮಂಟಪದಲ್ಲೇ ಕುಳಿತಳು. “ನಮ್ಮ ಮನಿ ನಿಂತೈತಿಲ್ಲೋ ನೋಡಿ ಬರ್ರಿ,” ಎಂದಳು.

ನಾನೂ ಪೂಜಾಳೂ ಗುಡ್ಡ ಹತ್ತಿದೆವು. ಸುಶೀಲೆ ಪೇರಿಸಿದ್ದು ಕೆಂಪು ಕಲ್ಲಿನ ಸಮೇತ ನಿಂತಿತ್ತು. ಆದರೆ ಪೂಜಾಗೆ ಬೇಕಿದ್ದ ಜಾಗವೂ ಅದೇ. ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಸರತಿಯೇ ಇತ್ತು. ನಾನು ಬೆರಳು ಮಾಡಿ ತೋರಿಸುವಷ್ಟರಲ್ಲಿ ಅವಳು ಅಡ್ಡ ಬರುತ್ತದೆಂದು ಷೂ ಕಾಲಿನಿಂದ ಕಲ್ಲುಗಳನ್ನು ಸರಿಸಿಬಿಟ್ಟಳು. ಕೆಂಪು ಕಲ್ಲು ನನ್ನ ಪಾದದ ಬಳಿ ಉರುಳಿತು.

“ಅದು ನಿನ್ನ ಅತ್ತೀದು,” ಎಂದೆ.

“ಅಯ್ಯ, ಗೊತ್ತಾಗ್ಲಿಲ್ರಿ. ಆಮ್ಯಾಲೆ ಇಡೋಣಂತ. ಜಲ್ದಿ ಒಂದ್ ಫೋಟೊ ತಗೀರಿ ಮಾಮಾ, ಹಿಂದಿನೋರು ಕಾಯಾಕತ್ತಾರ. ಅಷ್ಟ್ಯಾಕ ಮಾರಿ ಗಂಟ್ ಹಾಕೀರಿ, ಇದೇನು ನಿಮ್ ಗಣಿ ಗೇಟಲ್ಲ.”

ಕಲ್ಲನ್ನೆತ್ತಿ ಜೇಬಿಗೆ ಹಾಕಿಕೊಂಡು ಅವಳ ಫೋನು ಹಿಡಿದೆ. ಅವಳ ಕಾಲ ಬಳಿ ಬರೀ ಬಂಡೆಯಿತ್ತು. ಒತ್ತಿದೆ.

ಕೆಳಗಿಳಿಯುವಾಗ ಸುಶೀಲೆಗೆ ಏನು ಹೇಳಲಿ ಎಂಬುದೇ ಚಿಂತೆ. ನಾನು ಬಾಯಿ ತೆರೆಯುವ ಮೊದಲೇ ಪೂಜಾ ಮಾತು ಮರೆಸಲೆಂದು ಫೋಟೊ ತೋರಿಸಿದಳು. ಸುಶೀಲೆ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

“ನಿಂತೈತಲ್ರೀ,” ಎಂದಳು. “ಕೆಂಪು ಕಲ್ಲೂ ಹಂಗ ಐತಿ.”

ಬಗ್ಗಿ ನೋಡಿದೆ. ಪೂಜಾಳ ಷೂ ಪಕ್ಕದಲ್ಲಿ ಪೇರಿಸಿದ ಕಲ್ಲುಗಳು, ಅವುಗಳ ತುದಿಗೆ ಅದಿರುಕಲ್ಲು. ನನ್ನ ಕೈ ಜೇಬಿಗೆ ಹೋಯಿತು. ಕಲ್ಲು ಅಲ್ಲೇ ಇತ್ತು.

ಪೂಜಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ನಾ ಏನೂ ಮಾಡಿಲ್ರಿ ಮಾಮಾ,” ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ಬೆಳಕಿರುವಾಗಲೇ ಮತ್ತೆ ಗುಡ್ಡ ಹತ್ತಿದೆ. ಕಲ್ಲುಗಳು ಚೆಲ್ಲಾಡಿ ಬಿದ್ದಿದ್ದವು. ಆ ಜಾಗದಲ್ಲಿ ಇನ್ನಾರೋ ಕೈ ಚಾಚಿ ನಿಂತಿದ್ದರು.

ಕುಡಿದ ಚಹಾದ ಫೋಟೊವನ್ನೂ ಬಿಡದೆ ಹಾಕುವ ಪೂಜಾ ಆ ಫೋಟೊವನ್ನು ಎಲ್ಲಿಯೂ ಹಾಕಲಿಲ್ಲ. ಅದನ್ನು ತೋರಿಸಿದಾಗ ಹೊಸಪೇಟೆಯ ಸ್ಟುಡಿಯೋದವನು, ಈಗಿನ ಫೋನುಗಳು ಏನೇನೋ ಸೇರಿಸುತ್ತವೆ ಎಂದ. ನನ್ನ ಜೇಬಿನಲ್ಲಿದ್ದ ಕಲ್ಲನ್ನು ಎಲ್ಲಿಂದ ಸೇರಿಸಿತು ಎಂದು ಕೇಳಿದೆ. ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಈಗ ಕಂಪ್ಲಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಸುಶೀಲೆ ಆ ಫೋಟೊ ತರಿಸಿಕೊಂಡು ಕಟ್ಟು ಹಾಕಿಸಿದ್ದಾಳೆ. ಕಲ್ಲು ನನ್ನ ಟ್ರಂಕಿನ ತಳದಲ್ಲಿದೆ, ಅವಳಿಗೆ ಗೊತ್ತಿಲ್ಲ. ಮೊಳಕಾಲು ಈಗ ಪರವಾಗಿಲ್ಲ, ಒಮ್ಮೆ ಹತ್ತಿ ನೋಡಿ ಬರೋಣ ಎನ್ನುತ್ತಾಳೆ. ನಾನು ಬೇಡವೆನ್ನುತ್ತೇನೆ. ಮೊದಲು, ಅಲ್ಲಿ ಏನೂ ಇಲ್ಲದ್ದನ್ನು ಅವಳು ಕಂಡಾಳೆಂದು ಹಾಗೆನ್ನುತ್ತಿದ್ದೆ. ಈಗ, ಅಲ್ಲಿ ಏನಿದೆಯೆಂದು ನನಗೇ ಖಚಿತವಿಲ್ಲ.