ಕಚ್ಚಿಲ್ಲದ ಸೀಸೆ

ಯುದ್ಧದ ಕಾಲದಲ್ಲಿ ಅರಕಲಗೂಡು ಸೀಮೆಯ ಒಂದು ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಔಷಧದ ಸೀಸೆಗೆ, ಅಂಚಿನಲ್ಲಿ ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಕುಡಿಯಬೇಕು. ಓದು ಬಾರದವರಿಗೂ ಅದು ತಿಳಿಯುತ್ತಿತ್ತು.

ಹೊಸದಾಗಿ ಬಂದ ಡಾಕ್ಟರು ಆ ಪದ್ಧತಿ ನಿಲ್ಲಿಸಿ, ಕುಡಿಯುವ ಅಳತೆಯನ್ನು ಅಚ್ಚು ಹಾಕಿಸಿದ ಚೀಟಿ ತರಿಸಿದರು. "ಓದು ಬಾರದವರಿಗೆ ನೀವೇ ಬಿಡಿಸಿ ಹೇಳಿ" ಎಂದರು. ನನಗೆ ಒಳಗೇ ಸಿಟ್ಟು. ಅಷ್ಟು ವರ್ಷದ ನನ್ನ ಕತ್ತರಿ ಕೆಲಸ ಒಂದು ಮಾತಿಗೆ ಮೂಲೆಗೆ ಹೋಗಿತ್ತು. ಎದುರಾಡಲಿಲ್ಲ. ಚೀಟಿ ಅಂಟಿಸಿ ಕೊಟ್ಟೆ, ಎಷ್ಟು ಕುಡಿಯಬೇಕೆಂದು ಹೇಳಲು ಬಾಯಿ ಮಾತ್ರ ಬಿಡಲಿಲ್ಲ. ಇದು ಎಷ್ಟು ದಿನ ನಡೆಯುತ್ತದೋ ನೋಡೋಣ ಎಂದುಕೊಂಡೆ.

ನಾಲ್ಕನೆಯ ದಿನ ಗೊರೂರು ಕಡೆಯ ಹೆಂಗಸೊಬ್ಬಳು ಜ್ವರದ ಮಗುವನ್ನು ಎತ್ತಿಕೊಂಡು ಮತ್ತೆ ಬಂದಳು. ನಾನು ಕೊಟ್ಟ ಸೀಸೆ ತುಂಬಿದಂತೆಯೇ ಇತ್ತು.

"ಯಾಕಮ್ಮ, ಕುಡಿಸಲಿಲ್ಲವೇ?" ಎಂದರು ಡಾಕ್ಟರು.

"ಕಚ್ಚು ಇರ್ಲಿಲ್ಲ ಸಾ. ಎಷ್ಟು ಕುಡಿಸ್ಬೇಕೋ ಗೊತ್ತಾಗ್ಲಿಲ್ಲ. ಎಚ್ಚಾಗಿ ಮಗೀಗೆ ಏನಾರ ಆದ್ರೆ ಅಂತ ಅಂಗೇ ಮಡಗಿದ್ದೆ."

"ಇವರು ಹೇಳಿ ಕೊಡಲಿಲ್ಲವೇ?" ಡಾಕ್ಟರು ನನ್ನತ್ತ ತಿರುಗಿದರು.

ಅವಳೂ ನನ್ನ ಮುಖ ನೋಡಿದಳು. "ಯೋಳಿರ್ತಾರೆ ಸಾ. ನಾನೇ ಮರ್ತ್ಬುಟ್ಟಿರ್ತೀನಿ" ಎಂದಳು.

ನಾನು ಆಗಲೂ ಬಾಯಿ ಬಿಡಲಿಲ್ಲ.